ಸ್ಟೆಬಿಲೈಜರ್ ಟಕಟಕ ಎನ್ನುತ್ತಿದೆಯೇ? ಮುಚ್ಚಳ ಬಿಚ್ಚುವ ಮೊದಲು ಅಳೆದು ನೋಡಿ

"ಸ್ಟೆಬಿಲೈಜರ್ ಹೋಗಿದೆ ನೋಡಿ" ಎಂಬ ಮಾತಿನೊಂದಿಗೆ ರಿಪೇರಿ ಬೆಂಚಿಗೆ ಬಂದು ಕೂರುವ ಪೆಟ್ಟಿಗೆಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಗೋಡೆಯ ಸಾಕೆಟ್ಟು, ಮೇನ್ ಸ್ವಿಚ್ಚಿನೊಳಗಿನ ನ್ಯೂಟ್ರಲ್ ಸ್ಕ್ರೂ, ಇಲ್ಲವೇ ಅಲ್ಲಿಂದ ಇಲ್ಲಿಗೆ ಎಳೆದ ತೆಳು ವೈರು. ಪೆಟ್ಟಿಗೆ ಮಾಡಿದ ತಪ್ಪೆಂದರೆ ಆ ಕಾಯಿಲೆಯನ್ನು ಟಕಟಕ ಎಂದು ಕೂಗಿ ಹೇಳಿದ್ದು. ಹಾಗಾಗಿ ಇಲ್ಲಿ ಮೊದಲು ಕೈಗೆ ಬರಬೇಕಾದದ್ದು ಮಲ್ಟಿಮೀಟರ್. ಸ್ಕ್ರೂಡ್ರೈವರ್ ಆಮೇಲೆ.

ಹೆಚ್ಚಿನ ಮಾತು 230 ವೋಲ್ಟಿನ ಸಿಂಗಲ್ ಫೇಸ್ ರಿಲೇ (ವಿದ್ಯುತ್ತಿನಿಂದಲೇ ಎಳೆದು ಬಿಡುವ ಸ್ವಿಚ್ಚು) ಮಾದರಿಯದು. ಫ್ರಿಜ್ಜು, ಏಸಿಗಳ ಹಿಂದೆ ಗೋಡೆಗೆ ನೇತುಹಾಕಿರುತ್ತಾರಲ್ಲ, ಅದೇ. ಸರ್ವೋ ಮಾದರಿಗೂ ಸ್ವಲ್ಪ ಜಾಗ ಇಟ್ಟಿದ್ದೇನೆ.

ಒಳಗೆ ನಡೆಯುವುದೇನು

ಪೆಟ್ಟಿಗೆಯ ತೂಕವೆಲ್ಲ ಒಂದು ಆಟೋ ಟ್ರಾನ್ಸ್‌ಫಾರ್ಮರಿನದು. ಅದರ ವೈಂಡಿಂಗಿನಿಂದ (ತಾಮ್ರದ ಸುತ್ತುಗಳಿಂದ) ನಾಲ್ಕೈದು ಕಡೆ ಟ್ಯಾಪಿಂಗ್, ಅಂದರೆ ಕವಲು ವೈರು, ತೆಗೆದಿರುತ್ತಾರೆ. ಒಂದೊಂದು ಟ್ಯಾಪಿಗೂ ಒಂದೊಂದು ರಿಲೇ. ಒಳಗೆ ಬರುವ ವೋಲ್ಟೇಜನ್ನು ಸಣ್ಣ ಬೋರ್ಡೊಂದು ಸದಾ ಗಮನಿಸುತ್ತಿರುತ್ತದೆ. ವೋಲ್ಟೇಜ್ ಇಳಿದರೆ ಏರಿಸುವ ಟ್ಯಾಪು, ಏರಿದರೆ ಇಳಿಸುವ ಟ್ಯಾಪು. ಎರಡೂ ಕೈಮೀರಿದರೆ ಔಟ್‌ಪುಟ್ ರಿಲೇ ಬಿಟ್ಟು, ಹಿಂದಿರುವ, ಅಂದರೆ ಅದಕ್ಕೆ ಸಿಕ್ಕಿಸಿದ, ಸಾಧನಕ್ಕೆ ವಿದ್ಯುತ್ತೇ ಹೋಗದಂತೆ ಮಾಡುತ್ತದೆ. ಲೋ ಕಟ್, ಹೈ ಕಟ್ ಎನ್ನುವುದು ಇದಕ್ಕೇ. ನಿಜವಾದ ರಕ್ಷಣೆ ಸಿಗುವುದು ಹೆಚ್ಚಾಗಿ ಈ ಕಟ್‌ನಿಂದಲೇ ಎಂಬುದು ನನ್ನ ಅನುಭವ. ಕೊಳ್ಳುವಾಗ ಮಾತ್ರ ಎಲ್ಲರೂ ಎಷ್ಟು ಕೆಳಗಿನಿಂದ ಏರಿಸುತ್ತದೆ ಎಂದಷ್ಟೇ ಕೇಳುತ್ತಾರೆ.

ಲೋ ವೋಲ್ಟೇಜ್ ಮೋಟರನ್ನು ಯಾಕೆ ಸುಡುತ್ತದೆ? ಇಂಡಕ್ಷನ್ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230 ಇರಬೇಕಾದದ್ದು 184ಕ್ಕೆ ಇಳಿದರೆ ವೋಲ್ಟೇಜ್ ಶೇ. 80 ಉಳಿಯಿತು, ಬಲ ಮಾತ್ರ ಶೇ. 64ಕ್ಕೆ ಕುಸಿಯಿತು. ಕಂಪ್ರೆಸರ್ ತಳ್ಳಬೇಕಾದ ಗ್ಯಾಸಿನ ಒತ್ತಡ ಇದ್ದಷ್ಟೇ ಇದೆ. ಮೋಟರ್ ನಿಧಾನವಾಗಿ ಹೆಚ್ಚು ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗದೆ ಗುಂಯ್ ಎಂದು ನಿಂತುಬಿಟ್ಟರಂತೂ ಸಾಮಾನ್ಯಕ್ಕಿಂತ ಐದಾರು ಪಟ್ಟು ಆಂಪಿಯರ್ ವೈಂಡಿಂಗಿನಲ್ಲಿ ಹರಿಯುತ್ತದೆ. ಕಾವು ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಓವರ್‌ಲೋಡ್ ಪ್ರೊಟೆಕ್ಟರ್ ಕೈಕೊಟ್ಟ ದಿನ ವಾರ್ನಿಶ್ ಕರಗಿದ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ತಲೆಗೆ ಹಾಕಿಕೊಳ್ಳಬೇಕು, ಮುಂದಿನ ಪತ್ತೆಯೆಲ್ಲ ಇದರ ಮೇಲೆಯೇ ನಿಂತಿದೆ. ಸ್ಟೆಬಿಲೈಜರ್ ವೋಲ್ಟೇಜನ್ನು ಹುಟ್ಟಿಸುವುದಿಲ್ಲ, ಆಂಪಿಯರ್ ತೆತ್ತು ಕೊಳ್ಳುತ್ತದೆ. 160 ವೋಲ್ಟ್ ಒಳಗೆ ಬಂದು 220 ಹೊರಗೆ ಹೋಗುತ್ತಿದ್ದು, ಸಾಧನ 8 ಆಂಪಿಯರ್ ಬಳಸುತ್ತಿದ್ದರೆ, ಗೋಡೆಯಿಂದ 11 ಆಂಪಿಯರ್ ಎಳೆಯಲೇಬೇಕು. ಟ್ರಾನ್ಸ್‌ಫಾರ್ಮರಿನ ನಷ್ಟ ಬೇರೆ. ಅಂದರೆ ವೋಲ್ಟೇಜ್ ಬಿದ್ದಾಗಲೇ ನಿಮ್ಮ ವೈರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ.

ಮೊದಲ ಪರೀಕ್ಷೆ: ಲೋಡಿನಲ್ಲಿ (ಸಾಧನ ಓಡುವಾಗ) ಇನ್‌ಪುಟ್ ಅಳೆಯುವುದು

ಮಲ್ಟಿಮೀಟರನ್ನು ಏಸಿ (ಪರ್ಯಾಯ ವಿದ್ಯುತ್) ವೋಲ್ಟೇಜಿನ 600 ಅಥವಾ 750ರ ರೇಂಜಿಗೆ ತಿರುಗಿಸಿ. ಸ್ಟೆಬಿಲೈಜರ್ ಸಿಕ್ಕಿಸಿರುವ ಸಾಕೆಟ್ ಬೋರ್ಡಿನಲ್ಲೇ ಇನ್ನೊಂದು ಸಾಕೆಟ್ ಇದ್ದರೆ ಅಲ್ಲಿ ಅಳೆಯಿರಿ. ಸಾಧನ ಆಫ್ ಇದ್ದಾಗ ಒಂದು ಸಲ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಒಂದು ಸಲ, ಹತ್ತು ನಿಮಿಷ ಓಡಿದ ಮೇಲೆ ಒಂದು ಸಲ. ಮೂರನ್ನೂ ಬರೆದಿಟ್ಟುಕೊಳ್ಳಿ. ಬರೆಯದೆ ಇದ್ದರೆ ಅರ್ಧ ಗಂಟೆಯಲ್ಲಿ 178 ಇತ್ತೋ 187 ಇತ್ತೋ ಎಂದು ತಲೆ ಕೆರೆದುಕೊಳ್ಳುತ್ತೀರಿ.

ಆಫ್ ಇದ್ದಾಗಿನದಕ್ಕೂ ಓಡುವಾಗಿನದಕ್ಕೂ ನಾಲ್ಕೈದು ವೋಲ್ಟ್ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಹದಿನೈದು, ಇಪ್ಪತ್ತು ಬಿದ್ದರೆ ದಾರಿಯಲ್ಲಿ ಎಲ್ಲೋ ಪ್ರತಿರೋಧ ಕೂತಿದೆ, ಪೆಟ್ಟಿಗೆ ನಿರಪರಾಧಿ.

ನನಗೆ ಈ ಪಾಠ ಕಲಿಸಿದ್ದು ಒಂದು ಏಸಿ. ಮೂರು ನಿಮಿಷ ಕಾಯುತ್ತಿತ್ತು, ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು, ಟಕ್ ಎಂದು ಆಫ್. ಮತ್ತೆ ಮೂರು ನಿಮಿಷ. ನಾನು ನೋಡುವ ಹೊತ್ತಿಗೆ ಎರಡನೇ ಸ್ಟೆಬಿಲೈಜರ್ ಬಂದಿತ್ತು, ಅದೂ ಕೆಟ್ಟದ್ದೇ ಎಂಬ ತೀರ್ಮಾನವೂ ಆಗಿತ್ತು. ನಾನೂ ಮೊದಲು ಮುಚ್ಚಳ ಬಿಚ್ಚಿ ಬೋರ್ಡಿನ ಮೇಲೆಯೇ ಒಂದು ಗಂಟೆ ಕಳೆದೆ. ಆಮೇಲೆ ಸಾಕೆಟ್ಟಿನಲ್ಲಿ ಅಳೆದೆ. ಲೋಡಿಲ್ಲದೆ 196. ಕಂಪ್ರೆಸರ್ ಏಳುವಾಗ ಮೀಟರಿನ ಅಂಕಿ 140ಕ್ಕಿಂತ ಕೆಳಗೆ ಧುಮುಕಿ, ಲೋ ಕಟ್ ಬಿದ್ದ ಕೂಡಲೇ ಮತ್ತೆ 196ಕ್ಕೆ ಬಂದು ಕೂರುತ್ತಿತ್ತು. ಪೆಟ್ಟಿಗೆ ತನ್ನ ಕೆಲಸವನ್ನೇ ಮಾಡುತ್ತಿತ್ತು. ಹಿಂದಕ್ಕೆ ಹುಡುಕುತ್ತ ಹೋದರೆ ಮೇನ್ ಸ್ವಿಚ್ಚಿನ ನ್ಯೂಟ್ರಲ್ ಟರ್ಮಿನಲ್ಲಿನಲ್ಲಿ ವೈರಿನ ಪ್ಲಾಸ್ಟಿಕ್ಕು ಒಂದಂಗುಲ ಕಂದಿ ಗರಿಗರಿಯಾಗಿತ್ತು. ತಾಮ್ರದ ಎಳೆಗಳು ಕಪ್ಪು. ಸ್ಕ್ರೂ ಮುಕ್ಕಾಲು ಸುತ್ತು ಸಡಿಲ.

ಲೆಕ್ಕ ಹಾಕಿ ನೋಡಿ. ಅಂಥ ಜಾಯಿಂಟೂ ದಾರಿಯ ವೈರೂ ಸೇರಿ 2 ಓಮ್ ಎನ್ನೋಣ. ಏಸಿಗೆ ಬೇಕಾದದ್ದು ಸುಮಾರು 1,540 ವ್ಯಾಟ್. ನೇರ 220 ವೋಲ್ಟಿನಲ್ಲಾದರೆ 7 ಆಂಪಿಯರ್ ಸಾಕು. 196ರ ಲೈನಿನಲ್ಲಿ ಸ್ಟೆಬಿಲೈಜರ್ ಏರಿಸಿ ಕೊಡುವಾಗ ಗೋಡೆಯಿಂದ ಸುಮಾರು 8.6 ಆಂಪಿಯರ್ ಹೋಗುತ್ತದೆ, ದಾರಿಯಲ್ಲಿ 17 ವೋಲ್ಟ್ ಕಳೆದುಹೋಗಿ ಸಾಕೆಟ್ಟಿನಲ್ಲಿ ಉಳಿಯುವುದು 179. ಕಳೆದುಹೋದದ್ದೆಲ್ಲ ಶಾಖ: ಸುಮಾರು 148 ವ್ಯಾಟ್. ಅದರ ಬಹುಪಾಲು ಒಂದೇ ಸ್ಕ್ರೂವಿನ ಬುಡದಲ್ಲಿ ಇಳಿದರೆ ಪ್ಲಾಸ್ಟಿಕ್ಕು ಕಂದದೆ ಏನಾದೀತು? ಕಾದಷ್ಟೂ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ಪ್ರತಿರೋಧ ಏರುತ್ತದೆ. ಸ್ಟೆಬಿಲೈಜರ್ ಏರಿಸಲು ಹೋಗಿ ಇನ್ನಷ್ಟು ಎಳೆಯುತ್ತದೆ. ರೋಗಕ್ಕೆ ಮದ್ದು ಎಂದುಕೊಂಡದ್ದೇ ರೋಗವನ್ನು ಸಾಕುತ್ತಿರುತ್ತದೆ.

ಜಾಯಿಂಟ್ ಹುಡುಕುವುದು ಕಷ್ಟವಲ್ಲ. ಹತ್ತು ನಿಮಿಷ ಲೋಡ್ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪಿನ್ನುಗಳ ಹತ್ತಿರ ಬೆರಳು ತನ್ನಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ. ಅಲ್ಲಿ ತಣ್ಣಗಿದ್ದರೆ ಒಂದೊಂದೇ ಹೆಜ್ಜೆ ಮೇನಿನ ಕಡೆಗೆ ಹೋಗಿ. ಮೇನ್ ಸ್ವಿಚ್ಚಿನ ಹತ್ತಿರ ಲೋಡಿನಲ್ಲೂ 195 ಇದ್ದು ಸಾಕೆಟ್ಟಿನಲ್ಲಿ 179 ಇದ್ದರೆ ದೋಷ ಇವೆರಡರ ನಡುವೆ ಸಿಕ್ಕಿಬಿದ್ದಿದೆ. ಮೇನಿನಲ್ಲೇ ಬೀಳುತ್ತಿದ್ದರೆ ಅದು ಹೊರಗಿನ ಲೈನಿನದು, ಸರಬರಾಜು ಮಾಡುವವರಿಗೆ ದೂರು ಕೊಡಬೇಕಾದ ವಿಷಯ. ಮೇನ್ ಬಾಕ್ಸಿನೊಳಗಿನ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಸ್ವಿಚ್ ಆಫ್ ಮಾಡಿದ ಮೇಲೂ ಅದರ ಮೇಲ್ಭಾಗದ ಟರ್ಮಿನಲ್ಲುಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ.

ಒಂದು ಸೂಚನೆ ಕಂಡರೆ ಮಾತ್ರ ಅಳೆಯುತ್ತ ಕೂರಬೇಡಿ: ಮನೆಯ ಕೆಲವು ದೀಪ ಕಣ್ಣು ಕುಕ್ಕುವಷ್ಟು ಉರಿಯುತ್ತ, ಕೆಲವು ಮಂಕಾಗಿದ್ದರೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತುಂಡಾಗಿದೆ ಎಂದರ್ಥ. ಆಗ ಬೇರೆ ಬೇರೆ ಫೇಸಿನ ಲೋಡುಗಳು 400 ವೋಲ್ಟಿನ ನಡುವೆ ಒಂದರ ಹಿಂದೊಂದು ಸರಣಿಯಾಗಿ ನಿಂತುಬಿಡುತ್ತವೆ. ಒಂದು ಫೇಸಿನಲ್ಲಿ 1,000 ವ್ಯಾಟಿನ ಹೀಟರು, ಇನ್ನೊಂದರಲ್ಲಿ 100 ವ್ಯಾಟಿನ ಬಲ್ಬು ಮಾತ್ರ ಇದ್ದರೆ ಬಲ್ಬಿನ ಪಾಲಿಗೆ ಸುಮಾರು 364 ವೋಲ್ಟ್ ಬರುತ್ತದೆ. ಮೇನ್ ಆಫ್ ಮಾಡಿ, ಅಷ್ಟೇ. ಹೈ ಕಟ್ ಇರುವ ಸ್ಟೆಬಿಲೈಜರ್ ಹಿಂದಿನ ಸಾಧನವನ್ನು ಉಳಿಸಬಹುದು. ಆದರೆ ಅದರ ಸ್ವಂತ ಟ್ರಾನ್ಸ್‌ಫಾರ್ಮರ್ ಆ 364ಕ್ಕೆ ಎದೆಕೊಟ್ಟು ನಿಂತೇ ಇರುತ್ತದೆ. ಇಂಥ ದಿನದ ಮರುದಿನ ಬರುವ ಪೆಟ್ಟಿಗೆಗಳಲ್ಲಿ ಫ್ಯೂಸ್ ಹೋಗಿ, 275 ವೋಲ್ಟಿನ ಎಂ.ಓ.ವಿ. (ಮಿತಿಮೀರಿದ ವೋಲ್ಟೇಜನ್ನು ಹೀರಿಕೊಳ್ಳುವ ಭಾಗ) ಬಿಲ್ಲೆ ಒಡೆದು, ಬೋರ್ಡಿನ ಮೇಲೆ ಮಸಿ ಹರಡಿರುತ್ತದೆ.

ಡಿಸ್‌ಪ್ಲೇ ಇದೆ, ಔಟ್‌ಪುಟ್ ಇಲ್ಲ

ಮೊದಲು ಮೂರು ನಿಮಿಷ ಸುಮ್ಮನೆ ಕಾಯಿರಿ. ತಮಾಷೆಯಲ್ಲ. ಫ್ರಿಜ್, ಏಸಿಗಳಿಗೆ ಮಾಡಿದ ಪೆಟ್ಟಿಗೆಗಳಲ್ಲಿ ಟೈಮ್ ಡಿಲೇ ಇರುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಏಳಲು ಹೋದರೆ ಒಂದು ಕಡೆ ತುಂಬಿಕೊಂಡಿರುವ ಗ್ಯಾಸಿನ ಒತ್ತಡದ ಎದುರು ಮೋಟರ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಕಡೆಯ ಒತ್ತಡ ಸಮವಾಗಲು ಕೊಟ್ಟ ಬಿಡುವು ಅದು. ಡಿಸ್‌ಪ್ಲೇ ಮಿನುಗುತ್ತಿದ್ದರೆ ಅಥವಾ ಹಳದಿ ದೀಪ ಉರಿಯುತ್ತಿದ್ದರೆ ಸಾಮಾನ್ಯವಾಗಿ ಎಣಿಕೆ ನಡೆಯುತ್ತಿದೆ ಎಂದೇ ಅರ್ಥ.

ಕಾದ ಮೇಲೂ ಇಲ್ಲವೆಂದರೆ ಇನ್‌ಪುಟ್ ಎಷ್ಟಿದೆ ನೋಡಿ. ಲೋ ಕಟ್, ಹೈ ಕಟ್ ಮಿತಿಯ ಒಳಗಿದ್ದೂ ಬರುತ್ತಿಲ್ಲವೆಂದರೆ ಕಿವಿಯನ್ನು ಪೆಟ್ಟಿಗೆಯ ಹತ್ತಿರ ಇಡಿ. ಎಣಿಕೆ ಮುಗಿದಾಗ ಟಕ್ ಎಂಬ ಸದ್ದು ಬಂದೂ ಔಟ್‌ಪುಟ್ ಇಲ್ಲದಿದ್ದರೆ ರಿಲೇ ಎಳೆಯುತ್ತಿದೆ, ಕಾಂಟ್ಯಾಕ್ಟ್ (ಅದರೊಳಗೆ ಕೂಡುವ ಲೋಹದ ತುದಿ) ಸುಟ್ಟಿದೆ. ಸದ್ದೇ ಇಲ್ಲದಿದ್ದರೆ ಕಾಯಿಲ್ ಹೋಗಿರಬೇಕು, ಅಥವಾ ಅದನ್ನು ಎಳೆಸುವ ಟ್ರಾನ್ಸಿಸ್ಟರ್, ಅಥವಾ ರಿಲೇ ಕಾಲಿನ ಬುಡದಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಕೂಡದ ಬೆಸುಗೆ). ಮೂರನೆಯದನ್ನೇ ಮೊದಲು ನೋಡಿ. ಭಾರದ ಟ್ರಾನ್ಸ್‌ಫಾರ್ಮರಿನ ಅದುರುವಿಕೆ, ಕಾವು ಎರಡೂ ಸೇರಿ ಸೋಲ್ಡರಿನಲ್ಲಿ ಕೂದಲೆಳೆಯಂಥ ಉಂಗುರದ ಬಿರುಕು ಬಿಡಿಸುತ್ತವೆ. ಬರಿಗಣ್ಣಿಗೆ ಕಾಣದಿದ್ದರೆ ಭೂತಗನ್ನಡಿ ಹಿಡಿಯಿರಿ.

ಡಿಸ್‌ಪ್ಲೇಯೇ ಇಲ್ಲವೆಂದರೆ ಸಾಕೆಟ್, ಪ್ಲಗ್ಗಿನೊಳಗಿನ ವೈರು, ಹಿಂಬದಿಯ ಫ್ಯೂಸ್ ಅಥವಾ ಎಂ.ಸಿ.ಬಿ. (ಹೆಚ್ಚು ಆಂಪಿಯರ್ ಹರಿದರೆ ತಾನಾಗಿ ಬೀಳುವ ಸ್ವಿಚ್ಚು), ವೈಂಡಿಂಗಿಗೆ ಅಂಟಿಸಿದ ಥರ್ಮಲ್ ಕಟ್‌ಔಟ್ ಈ ಕ್ರಮದಲ್ಲಿ ನೋಡಿ. ಕಟ್‌ಔಟ್ ಕಾದು ಬಿಟ್ಟಿದ್ದರೆ ತಣ್ಣಗಾದ ಮೇಲೆ ತಾನಾಗಿ ಕೂಡಿಕೊಳ್ಳುವ ಜಾತಿಯೂ ಇದೆ, ಒಂದೇ ಸಲಕ್ಕೆ ಮುಗಿಯುವ ಜಾತಿಯೂ ಇದೆ.

ಟಕಟಕ ಸದ್ದು

ಸದ್ದಿನ ಲಯ ಕೇಳಿ. ಆಗೊಮ್ಮೆ ಈಗೊಮ್ಮೆ, ಗೊತ್ತುಗುರಿಯಿಲ್ಲದೆ ಟಕ್ ಎನ್ನುತ್ತಿದ್ದರೆ ಲೈನಿನ ವೋಲ್ಟೇಜೇ ಏರಿಳಿಯುತ್ತಿದೆ. ಟ್ಯಾಪು ಬದಲಾಗುವ ಗಡಿಯ ಅಂಚಿನಲ್ಲಿ ವೋಲ್ಟೇಜ್ ನಿಂತಿದ್ದು, ಹತ್ತಿರದಲ್ಲೆಲ್ಲೋ ಪಂಪು, ವೆಲ್ಡಿಂಗ್ ನಡೆದಾಗ ಹೀಗಾಗುತ್ತದೆ. ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ಸೆಕೆಂಡಿಗೊಮ್ಮೆ, ಎರಡು ಸಲ ಬಡಿದುಕೊಳ್ಳುತ್ತಿದ್ದರೆ ಬೋರ್ಡಿನ ಮೇಲೆ ಗುಮಾನಿ ಇಡಿ.

ಖಚಿತ ಮಾಡಿಕೊಳ್ಳಲು ಹಿಂದಿನ ಸಾಧನವನ್ನು ಕಿತ್ತು ಖಾಲಿ ಓಡಿಸಿ. ಇನ್‌ಪುಟ್ ಮೀಟರಿನಲ್ಲಿ ಅಲುಗಾಡದೆ ನಿಂತಿದ್ದೂ ಬಡಿದುಕೊಳ್ಳುವುದು ನಿಲ್ಲದಿದ್ದರೆ ಕಾರಣ ಬಹುತೇಕ ಒಂದೇ: ಬೋರ್ಡಿಗೆ 12 ವೋಲ್ಟ್ ಕೊಡುವ ಕಡೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದೆ. ರಿಲೇ ಎಳೆದ ಕ್ಷಣ 12 ವೋಲ್ಟ್ ಕುಸಿಯುತ್ತದೆ, ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ, ರಿಲೇ ಬಿಡುತ್ತದೆ, ವೋಲ್ಟೇಜ್ ಸುಧಾರಿಸುತ್ತದೆ, ಮತ್ತೆ ಎಳೆಯುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಸಂಶಯವೇ ಬೇಡ, ಉಬ್ಬದೆಯೂ ಒಣಗಿರಬಹುದು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯದು ಹಾಕಿ. ಕೂಡು-ಕಳೆ ಗುರುತು ತಪ್ಪಿಸಬೇಡಿ.

ಖಾಲಿ ಇದ್ದಾಗ ಸುಮ್ಮನಿದ್ದು ಲೋಡ್ ಕೊಟ್ಟಾಗ ಮಾತ್ರ ಶುರುವಾದರೆ ಮತ್ತೆ ಮೊದಲ ಪರೀಕ್ಷೆಗೆ ಹೋಗಿ.

ಔಟ್‌ಪುಟ್ ತೀರಾ ಹೆಚ್ಚು, ತೀರಾ ಕಡಿಮೆ

ಡಿಸ್‌ಪ್ಲೇ ಹೇಳಿದ್ದನ್ನು ನಂಬಬೇಡಿ, ಔಟ್‌ಪುಟ್ ಸಾಕೆಟ್ಟಿನಲ್ಲಿ ಮೀಟರ್ ಇಡಿ. ಮೂರ್ನಾಲ್ಕು ವೋಲ್ಟ್ ಹೆಚ್ಚುಕಡಿಮೆ ಸಹಜ. ರಿಲೇ ಮಾದರಿಯ ಔಟ್‌ಪುಟ್ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದರಿಂದ 200ರಿಂದ 240ರ ನಡುವೆ ಎಲ್ಲಿದ್ದರೂ ಅದು ದೋಷವಲ್ಲ. ಇನ್‌ಪುಟ್ ಮೊದಲೇ ಇನ್ವರ್ಟರಿನಿಂದ ಬರುತ್ತಿದ್ದರೆ ಜೋಪಾನ: ಚೌಕ ಅಲೆಯ ಇನ್ವರ್ಟರಿನಲ್ಲಿ ಸಾಮಾನ್ಯ ಮೀಟರ್ ಸುಮಾರು ಶೇ. 11 ಹೆಚ್ಚು ತೋರಿಸುತ್ತದೆ. ಅಲೆಯ ಆಕಾರ ಯಾವುದಿದ್ದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು.

260, 270 ಹೊರಗೆ ಬರುತ್ತಿದ್ದರೆ ಸಾಧನವನ್ನು ತಕ್ಷಣ ಕಿತ್ತುಬಿಡಿ. ಏರಿಸುವ ಟ್ಯಾಪಿನ ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಬೋರ್ಡು ಬಿಡು ಎಂದರೂ ಬಿಡುತ್ತಿಲ್ಲ. ಇದಕ್ಕಿಂತ ಕೆಟ್ಟದ್ದು, ಅಂಟಿಕೊಂಡ ರಿಲೇಯ ಜೊತೆಗೆ ಇನ್ನೊಂದು ಟ್ಯಾಪಿನ ರಿಲೇಯೂ ಎಳೆದಾಗ ಆಗುವುದು: ನಡುವಿನ ಸುತ್ತುಗಳು ಶಾರ್ಟ್. ಟ್ರಾನ್ಸ್‌ಫಾರ್ಮರ್ ಗೊರಗೊರ ಎಂದು, ನಿಮಿಷಗಳಲ್ಲಿ ವಾರ್ನಿಶ್ ವಾಸನೆ.

ಅಂಟಿದ ರಿಲೇಯನ್ನು ಹುಡುಕುವಾಗ ನಾನೂ ಬಿದ್ದ ಗುಂಡಿಯೊಂದಿದೆ. ಪ್ಲಗ್ ಕಿತ್ತು, ಬೋರ್ಡಿನಲ್ಲೇ ರಿಲೇಯ ಕಾಂಟ್ಯಾಕ್ಟ್ ಕಾಲುಗಳ ಮೇಲೆ ಕಂಟಿನ್ಯುಟಿ (ದಾರಿ ಕೂಡಿದ್ದರೆ ಮೀಟರ್ ಬೀಪ್ ಎನ್ನುವ ಪರೀಕ್ಷೆ) ನೋಡಿದರೆ ಎಲ್ಲ ರಿಲೇಗಳೂ ಬೀಪ್ ಎನ್ನುತ್ತವೆ. ದಪ್ಪ ತಾಮ್ರದ ವೈಂಡಿಂಗಿನ ಪ್ರತಿರೋಧ ಒಂದು ಓಮ್ ಸಹ ಇರದೆ, ಅದರ ಮೂಲಕವೇ ಮೀಟರಿಗೆ ದಾರಿ ಸಿಗುತ್ತದೆ. ಚೆನ್ನಾಗಿದ್ದ ಮೂರು ರಿಲೇಗಳನ್ನು ಹಾಗೇ ಕಿತ್ತಿದ್ದೇನೆ. ಟ್ಯಾಪಿನ ವೈರನ್ನು ಗುರುತು ಹಾಕಿ ಬಿಡಿಸಿ, ಆಮೇಲೆ ಅಳೆಯಿರಿ. ಬದಲಿಸುವಾಗ ಕಾಯಿಲಿನ ವೋಲ್ಟೇಜ್ ಅದೇ ಇರಲಿ, ಕಾಂಟ್ಯಾಕ್ಟಿನ ಆಂಪಿಯರ್ ಕಡಿಮೆಯಾಗದಿರಲಿ.

ಖಾಲಿ ಇದ್ದಾಗ 220, ಲೋಡ್ ಕೊಟ್ಟರೆ 195, ಆದರೆ ಇನ್‌ಪುಟ್ ಅಲುಗಲಿಲ್ಲ ಎಂದರೆ ಸುಟ್ಟು ಗುಳಿಬಿದ್ದ ಕಾಂಟ್ಯಾಕ್ಟು ಅಥವಾ ಪೆಟ್ಟಿಗೆಯ ಅಳತೆ ಸಾಲದು. ಕೆ.ವಿ.ಎ. (ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ದು) ಎಂದು ಹಣೆಯ ಮೇಲೆ ಬರೆದಿರುವುದು ಒಳ್ಳೆಯ ವೋಲ್ಟೇಜಿನ ದಿನದ ಮಾತು. ಇನ್‌ಪುಟ್ ಬದಿ 10 ಆಂಪಿಯರ್ ತಾಳುವ ಪೆಟ್ಟಿಗೆ 230ರಲ್ಲಿ 2.3 ಕೆ.ವಿ.ಎ. ಆದರೆ, 150ರಲ್ಲಿ 1.5 ಮಾತ್ರ.

ಆನ್ ಮಾಡಿದರೆ ಎಂ.ಸಿ.ಬಿ. ಬೀಳುತ್ತದೆ

ಹತ್ತರಲ್ಲಿ ಒಂದೆರಡು ಸಲ ಬಿದ್ದರೆ ಅದು ಟ್ರಾನ್ಸ್‌ಫಾರ್ಮರ್ ಎಚ್ಚರಾಗುವ ಕ್ಷಣದ ಭಾರಿ ಎಳೆತ, ಕೋರ್ ಮ್ಯಾಗ್ನೆಟೈಸ್ ಆಗುವಾಗಿನದು. ಪ್ರತಿ ಸಲವೂ ಬಿದ್ದರೆ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಇನ್‌ಪುಟ್ಟಿಗೆ ಸೀರೀಸ್ ಕೊಟ್ಟು, ಹಿಂದೆ ಲೋಡಿಲ್ಲದೆ ಆನ್ ಮಾಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ವೈಂಡಿಂಗ್ ಚೆನ್ನಾಗಿದೆ. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ: ಒಡೆದ ಎಂ.ಓ.ವಿ., ಅಂಟಿದ ರಿಲೇ, ಕೊನೆಗೆ ಟ್ರಾನ್ಸ್‌ಫಾರ್ಮರ್. ಈ ಕ್ರಮದಲ್ಲಿ ಒಂದೊಂದನ್ನೇ ಬಿಡಿಸಿ ನೋಡಿ. ಎಲ್‌ಇಡಿ ಬಲ್ಬಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಬಾಡಿಗೆ ಕೈ ತಾಗಿದಾಗ ಜುಮ್ ಎಂದರೆ ಅರ್ತಿಂಗ್ ಇಲ್ಲ ಅಥವಾ ಒಳಗೆ ಇನ್ಸುಲೇಶನ್ ಕೈಕೊಟ್ಟಿದೆ. ಬಳಸುವುದನ್ನು ನಿಲ್ಲಿಸಿ. ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ನಡುವೆ ಗೋಡೆಯಿಲ್ಲ, ಒಂದೇ ತಾಮ್ರ. ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ನ್ಯೂಟ್ರಲ್ ಎಂದುಕೊಂಡ ವೈರಿನಲ್ಲೇ ಫೇಸ್ ಹರಿದಾಡುತ್ತಿರುತ್ತದೆ.

ಸರ್ವೋ ಮಾದರಿ

ಇಲ್ಲಿ ಟ್ಯಾಪುಗಳ ಬದಲು ದುಂಡನೆಯ ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳುವ ಆಟೋ ಟ್ರಾನ್ಸ್‌ಫಾರ್ಮರ್), ಅದರ ತಾಮ್ರದ ಸುತ್ತುಗಳ ಮೇಲೆ ಜಾರುವ ಕಾರ್ಬನ್ ಬ್ರಷ್, ಬ್ರಷ್ಷನ್ನು ತಿರುಗಿಸುವ ಸಣ್ಣ ಮೋಟರ್. ನಿಖರತೆ ಶೇ. 1ರಷ್ಟು ಸಿಗುತ್ತದೆ, ಆದರೆ ಸವೆಯುವ ಭಾಗವಿದೆ. ಬ್ರಷ್ ಒಂದೇ ಜಾಗದಲ್ಲಿ ಹಿಂದೆ ಮುಂದೆ ತಡಕಾಡುತ್ತಿದ್ದರೆ ಬಹುಪಾಲು ಆ ಜಾಗದ ತಾಮ್ರ ಕಪ್ಪಾಗಿದೆ. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಕಾರ್ಬನ್ ಧೂಳು ಉದುರಿಸಿ, ತೀರಾ ನಯವಾದ ಎಮರಿ ಪೇಪರನ್ನು ಮೆಲ್ಲಗೆ ಆಡಿಸಿ. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ, ಧೂಳೆಲ್ಲ ಅಂಟಿ ಸುತ್ತುಗಳ ನಡುವೆ ಸೇತುವೆ ಕಟ್ಟುತ್ತದೆ. ಬ್ರಷ್ ಅಂಚಿಗೆ ಹೋಗಿ ಅಲ್ಲೇ ಮೋಟರ್ ಗುಂಯ್ ಎನ್ನುತ್ತಿದ್ದರೆ ಲಿಮಿಟ್ ಸ್ವಿಚ್ ನೋಡಿ.

ಸ್ಟೆಬಿಲೈಜರಿನಿಂದ ಆಗದ್ದು

ಸಿಡಿಲಿನ ಏಟು ಮೈಕ್ರೋಸೆಕೆಂಡುಗಳಲ್ಲಿ ಬಂದುಹೋಗುತ್ತದೆ. ರಿಲೇ ಅಲುಗಲು ಮಿಲಿಸೆಕೆಂಡುಗಳು ಬೇಕು. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ತಿಂಗ್ ಬೇರೆಯೇ ಬೇಕು. ವಿದ್ಯುತ್ ಹೋದಾಗ ನಡೆಸುವುದೂ ಇದರ ಕೆಲಸವಲ್ಲ, ಒಳಗೆ ಬ್ಯಾಟರಿಯಿಲ್ಲ. ಲೇಬಲ್ಲಿನ ಮೇಲೆ 100–240 ವೋಲ್ಟ್ ಎಂದಿರುವ ಟಿವಿ, ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಲೋ ವೋಲ್ಟೇಜಿನ ಭಯವಿಲ್ಲ; ಅವಕ್ಕೆ ಏರಿಸುವ ಪೆಟ್ಟಿಗೆ ದಂಡ, ಹೈ ಕಟ್ ಇದ್ದರೆ ಸಾಕು.

ರಿಪೇರಿ ಮುಗಿದ ಮೇಲೆ

ಮುಚ್ಚಳ ಹಾಕಿ, ಮೊದಲು ಖಾಲಿ, ಆಮೇಲೆ ನಿಜವಾದ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಲೋಡಿಲ್ಲದಾಗಿನ ಇನ್‌ಪುಟ್, ಲೋಡಿನಲ್ಲಿನ ಇನ್‌ಪುಟ್, ಔಟ್‌ಪುಟ್ ಈ ಮೂರು ಅಂಕಿಗಳನ್ನು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ. ಮುಂದೆ ಯಾವಾಗಲಾದರೂ ಟಕಟಕ ಶುರುವಾದಾಗ ಮತ್ತೆ ಅದೇ ಮೂರನ್ನು ಅಳೆದು ಚೀಟಿಯ ಪಕ್ಕ ಹಿಡಿಯಿರಿ. ಮೊದಲ ಎರಡು ಅಂಕಿಗಳ ನಡುವಿನ ಅಂತರ ಬೆಳೆದಿದ್ದರೆ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಲೇಬೇಡಿ.